ಇದ್ದಿಲು, ಎರೆಮಣ್ಣು ಮತ್ತು ಜೋಳದ ಇಳುವರಿ
ಸಾಂಗಲಿ–ಮಿರಜ ಪರಿಸರದ ಕನ್ನಡ ಮಾಧ್ಯಮ ಶಾಲೆಗಳಿಗಾಗಿ ಒಂದು ಪೂರಕ ಪಾಠ

ಬಾಲಭಾರತಿಯು ಸಿದ್ಧಪಡಿಸುವ ವಿಜ್ಞಾನ ಹಾಗೂ ಭೂಗೋಳ ಪಠ್ಯಪುಸ್ತಕಗಳು ಎಲ್ಲ ಮಾಧ್ಯಮಗಳಿಗೂ ಒಂದೇ ತಿರುಳನ್ನು ಒದಗಿಸುತ್ತವೆ. ಮಣ್ಣು, ಗೊಬ್ಬರ, ಬೆಳೆ ಎಂಬ ವಿಷಯಗಳು ಅಲ್ಲಿ ರಾಜ್ಯಕ್ಕೆಲ್ಲ ಅನ್ವಯಿಸುವ ಮಾತುಗಳಲ್ಲಿ ಬರುತ್ತವೆ. ಮಣ್ಣು ಮಾತ್ರ ರಾಜ್ಯಕ್ಕೆಲ್ಲ ಒಂದೇ ಅಲ್ಲ. ಸಾಂಗಲಿ ಜಿಲ್ಲೆಯೊಂದನ್ನೇ ಪಶ್ಚಿಮದಿಂದ ಪೂರ್ವಕ್ಕೆ ದಾಟಿದರೆ ಸಾಕು: ವಾರಣಾ ನದಿಯ ಮೇಲ್ಭಾಗದ ಶಿರಾಳಾ ತಾಲೂಕಿನಲ್ಲಿ ಸಹ್ಯಾದ್ರಿಯ ಮಳೆ, ಕೆಂಪು ಮಣ್ಣು, ಭತ್ತದ ಗದ್ದೆ, ಸಾಂಗಲಿ–ಮಿರಜಗಳ ಸುತ್ತ ಕೃಷ್ಣೆಯ ದಂಡೆಯ ಆಳವಾದ ಎರೆ, ಕಬ್ಬು, ಅರಿಶಿನ, ದ್ರಾಕ್ಷಿ, ಇನ್ನೂ ಪೂರ್ವಕ್ಕೆ ಜತ್ತ ತಾಲೂಕಿನಲ್ಲಿ ಮಳೆಯ ಕೊರತೆ, ತೆಳುವಾದ ಮರಡಿ ನೆಲ, ತಗ್ಗಿನಲ್ಲಿ ಅಲ್ಲಲ್ಲಿ ಎರೆ, ಜೋಳ ಮತ್ತು ಸಜ್ಜೆ. ಕನ್ನಡ ಮಾಧ್ಯಮದ ಶಾಲೆಗಳು ಈ ಪೂರ್ವ ಭಾಗದಲ್ಲಿ ಹೆಚ್ಚು. ಆದ್ದರಿಂದ ಈ ಪಾಠವು ಮುಖ್ಯವಾಗಿ ಜೋಳದ ನಾಡಿನ ಮಕ್ಕಳನ್ನು ಎದುರಿಗೆ ಇಟ್ಟುಕೊಂಡಿದೆ.

ಹೊಲಕ್ಕೆ ಇದ್ದಿಲು ಹಾಕಿದರೆ ಬೆಳೆ ಹೆಚ್ಚುವುದೆಂಬ ಮಾತು ಇತ್ತೀಚಿನ ವರ್ಷಗಳಲ್ಲಿ ಮೊಬೈಲಿನ ಚಿತ್ರತುಣುಕುಗಳ ಮೂಲಕ ಹಳ್ಳಿಗಳಿಗೂ ತಲುಪಿದೆ. ಮಣ್ಣಿನ ಘಟಕವನ್ನು ಬೋಧಿಸುವಾಗ ಯಾವನಾದರೊಬ್ಬ ವಿದ್ಯಾರ್ಥಿ ಎದ್ದು, “ಗುರುಗಳ, ನಮ್ಮ ಹೊಲಕ್ಕೂ ಇದ್ದಲಿ ಹಾಕಬೇಕೇನ್ರಿ?” ಎಂದು ಕೇಳಬಹುದು. ಈ ಪ್ರಶ್ನೆ ಪರೀಕ್ಷೆಯ ಪ್ರಶ್ನೆಯಲ್ಲ. ನಾಲ್ಕೆಕರೆ ಒಣಬೇಸಾಯವನ್ನು ನೆಚ್ಚಿದ ಮನೆಯಲ್ಲಿ, ಶಾಲೆಯಿಂದ ಹೋದ ಉತ್ತರದ ಮೇಲೆ ಒಂದು ಬಂಡಿ ಕಟ್ಟಿಗೆಯ, ಕೆಲವು ಸಾವಿರ ರೂಪಾಯಿಗಳ, ಒಂದು ಹಂಗಾಮಿನ ನಿರ್ಧಾರ ನಿಂತಿರಬಹುದು. ‘ಹೌದು’ ಎಂಬ ಉತ್ತರವೂ ‘ಅಲ್ಲ’ ಎಂಬ ಉತ್ತರವೂ ಇಲ್ಲಿ ಅರ್ಧಸತ್ಯಗಳೇ. ಯಾವ ಮಣ್ಣು ಎಂದು ಮೊದಲು ತಿರುಗಿ ಕೇಳುವುದನ್ನು ಮಕ್ಕಳಿಗೆ ಕಲಿಸುವುದೇ ಈ ಪಾಠದ ಉದ್ದೇಶ.

ಬೂದಿಯೂ ಇದ್ದಿಲೂ

ಕಟ್ಟಿಗೆಯು ಸಾಕಷ್ಟು ಗಾಳಿ ದೊರೆತು ಉರಿದರೆ ಉಳಿಯುವುದು ಬೂದಿ. ಗಾಳಿಯನ್ನು ತಡೆದು, ಸುಮಾರು 350ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ ಉಳಿಯುವುದು ಇದ್ದಿಲು. ಬೂದಿಯಲ್ಲಿ ಇಂಗಾಲವು ಬಹುಮಟ್ಟಿಗೆ ಹಾರಿಹೋಗಿ ಸುಣ್ಣ, ಪೊಟ್ಯಾಷ್ ಮುಂತಾದ ಲವಣಗಳು ಉಳಿಯುತ್ತವೆ. ಇದ್ದಿಲಿನಲ್ಲಿ ಈ ಲವಣಗಳ ಜೊತೆಗೆ, ಕಟ್ಟಿಗೆಯಲ್ಲಿದ್ದ ಇಂಗಾಲದ ಒಂದು ದೊಡ್ಡ ಪಾಲು ಸೂಕ್ಷ್ಮ ರಂಧ್ರಗಳುಳ್ಳ ಗಟ್ಟಿ ರೂಪದಲ್ಲಿ ಉಳಿಯುತ್ತದೆ. ಮಣ್ಣಿಗೆ ಸೇರಿಸುವ ಉದ್ದೇಶದಿಂದ ತಯಾರಿಸಿದ ಇಂಥ ಇದ್ದಿಲಿಗೆ ಬಯೋಚಾರ್ ಅಥವಾ ಜೈವಿಕ ಇದ್ದಿಲು ಎಂಬ ಹೆಸರು ಬಂದಿದೆ. ತಿಪ್ಪೆ ಗೊಬ್ಬರವು ಕೆಲವೇ ವರ್ಷಗಳಲ್ಲಿ ಕರಗಿಹೋದರೆ ಇದು ಮಣ್ಣಿನಲ್ಲಿ ನೂರಾರು ವರ್ಷ ಉಳಿಯಬಲ್ಲದು. ವಾತಾವರಣದ ಇಂಗಾಲವನ್ನು ನೆಲದಲ್ಲಿ ಹುದುಗಿಸಿಡುವ ಉಪಾಯವಾಗಿ ಜಗತ್ತು ಇದರತ್ತ ನೋಡುತ್ತಿರುವುದು ಈ ಕಾರಣಕ್ಕೆ. ಆದರೆ ಇಂಗಾಲ ನೆಲದಲ್ಲಿ ಉಳಿಯುವುದು ಬೇರೆ, ಜೋಳದ ತೆನೆ ತುಂಬುವುದು ಬೇರೆ. ಇವೆರಡನ್ನೂ ಒಂದೇ ಮಾತಿನಲ್ಲಿ ಬೆರೆಸಿ ಹೇಳುವ ಪ್ರಚಾರ ಹೆಚ್ಚಾಗಿದೆ. ತರಗತಿಯಲ್ಲಿ ಅವನ್ನು ಬೇರ್ಪಡಿಸಿಯೇ ಹೇಳತಕ್ಕದ್ದು.

ಈ ವಿಚಾರಕ್ಕೆ ಮೂಲ ಸ್ಫೂರ್ತಿ ದೊರೆತದ್ದು ದಕ್ಷಿಣ ಅಮೆರಿಕದ ಅಮೆಜಾನ್ ಕಣಿವೆಯಲ್ಲಿ. ಅಲ್ಲಿನ ಮಣ್ಣು ಸಾಮಾನ್ಯವಾಗಿ ಹಳದಿ–ಕೆಂಪು ಬಣ್ಣದ್ದು, ಹುಳಿ ಗುಣದ್ದು, ಸಾರವಿಲ್ಲದ್ದು. ಅದರ ನಡುವೆ ಅಲ್ಲಲ್ಲಿ ‘ತೆರಾ ಪ್ರೇಟಾ’, ಎಂದರೆ ಕಪ್ಪು ನೆಲ, ಎಂಬ ಫಲವತ್ತಾದ ತುಂಡುಗಳಿವೆ. ಯುರೋಪಿಯನ್ನರು ಬರುವುದಕ್ಕಿಂತ ಮುಂಚೆ ಅಲ್ಲಿ ನೆಲೆಸಿದ್ದ ಜನರು ಶತಮಾನಗಳ ಕಾಲ ಇದ್ದಿಲು, ಎಲುಬು, ಮಡಕೆಯ ಚೂರು, ಮನೆಯ ಕಸ ಇವುಗಳನ್ನು ನೆಲಕ್ಕೆ ಸೇರಿಸಿದ್ದರ ಫಲ ಅವು. ಡಚ್ ಮಣ್ಣು ವಿಜ್ಞಾನಿ ವಿಮ್ ಸೊಂಬ್ರೂಕ್ ಅವರು 1966ರಲ್ಲಿ ಪ್ರಕಟಿಸಿದ ಅಧ್ಯಯನವು ಈ ನೆಲದತ್ತ ವಿಜ್ಞಾನಲೋಕದ ಗಮನ ಸೆಳೆಯಿತು.

ಅಮೆಜಾನಿನವರೆಗೆ ಹೋಗದೆಯೂ ಉದಾಹರಣೆ ಸಿಗುತ್ತದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ರೈತರು ತರಗೆಲೆ, ಕಸಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಸುಟ್ಟು ‘ಸುಡುಮಣ್ಣು’ ಮಾಡಿ ತರಕಾರಿ ಸಾಲುಗಳಿಗೆ ಹಾಕುತ್ತ ಬಂದಿದ್ದಾರೆ. ಕೊಂಕಣ ಹಾಗೂ ಸಹ್ಯಾದ್ರಿಯ ಇಳಿಜಾರುಗಳಲ್ಲಿ ಭತ್ತದ ಸಸಿಮಡಿಯ ಮೇಲೆ ಸೆಗಣಿ, ಸೊಪ್ಪು, ಕೊಂಬೆಗಳನ್ನು ಹರಡಿ ಸುಡುವ ‘ರಾಬ’ ಪದ್ಧತಿ ಇದೆ. 1893ರಲ್ಲಿ ಪ್ರಕಟವಾದ ಜಾನ್ ಅಗಸ್ಟಸ್ ವೋಲ್ಕರ್ ಅವರ ಭಾರತೀಯ ಕೃಷಿ ವರದಿಯೂ ಅದನ್ನು ಚರ್ಚಿಸಿದೆ. ಇವು ಬಯೋಚಾರಿನ ಶುದ್ಧ ರೂಪಗಳಲ್ಲ. ಬೂದಿ, ಇದ್ದಿಲು, ಸುಟ್ಟ ಮಣ್ಣು ಎಲ್ಲವೂ ಅಲ್ಲಿ ಬೆರೆತಿವೆ. ಆದರೂ ಒಂದು ಸಂಗತಿಯನ್ನು ಮಕ್ಕಳು ತಾವಾಗಿಯೇ ಗಮನಿಸುವಂತೆ ಪ್ರಶ್ನಿಸಬೇಕು: ಈ ಎಲ್ಲ ಪದ್ಧತಿಗಳೂ ಬೆಳೆದುಬಂದದ್ದು ಮಳೆ ಹೆಚ್ಚಿರುವ, ಮಣ್ಣು ಹುಳಿಯಾಗಿರುವ ಸೀಮೆಗಳಲ್ಲಿ. ಎರೆಯ ನಾಡಿನಲ್ಲಿ ಇಂಥ ಪದ್ಧತಿ ಏಕೆ ಬೇರೂರಲಿಲ್ಲ?

ಪ್ರಯೋಗಗಳು ತೋರಿಸಿದ್ದು

ಲೋಕದ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ಸೈಮನ್ ಜೆಫರಿ ಮತ್ತು ಸಂಗಡಿಗರು 2011ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಇಳುವರಿಯ ಸರಾಸರಿ ಹೆಚ್ಚಳ ಸುಮಾರು ಶೇಕಡಾ 10 ಎಂದು ಕಂಡುಬಂತು. ಸರಾಸರಿ ಎಂಬುದು ಏನನ್ನು ಮರೆಸುತ್ತದೆ ಎಂಬುದು 2017ರ ಅವರ ಎರಡನೆಯ ವಿಶ್ಲೇಷಣೆಯಿಂದ ತಿಳಿಯಿತು: ಉಷ್ಣವಲಯದಲ್ಲಿ ಸರಾಸರಿ ಹೆಚ್ಚಳ ಶೇಕಡಾ 25, ಸಮಶೀತೋಷ್ಣ ವಲಯದಲ್ಲಿ ಸರಾಸರಿಯಾಗಿ ಏನೂ ಇಲ್ಲ. ಗಣಿತದ ತರಗತಿಯಲ್ಲಿ ಸರಾಸರಿಯನ್ನು ಬೋಧಿಸುವ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇಲ್ಲಿಯೇ ಒಂದು ತಪ್ಪು ತೀರ್ಮಾನಕ್ಕೆ ದಾರಿ ತೆರೆಯುತ್ತದೆ. ಸಾಂಗಲಿಯು ಉತ್ತರ ಅಕ್ಷಾಂಶ ಸುಮಾರು 17 ಡಿಗ್ರಿಯಲ್ಲಿದೆ. ಅದು ಉಷ್ಣವಲಯವೇ. ಹಾಗಾದರೆ ಇಲ್ಲಿಯೂ ಶೇಕಡಾ 25 ಹೆಚ್ಚಬೇಕಲ್ಲವೇ? ಹೆಚ್ಚಬೇಕಾಗಿಲ್ಲ. ಆ ಅಧ್ಯಯನವೇ ಹೇಳುವಂತೆ, ಉಷ್ಣವಲಯದ ಹೆಚ್ಚಳಕ್ಕೆ ಕಾರಣ ಅಲ್ಲಿನ ಬಿಸಿಲಲ್ಲ. ಪ್ರಯೋಗ ನಡೆದ ಹೊಲಗಳ ಮಣ್ಣು ಹುಳಿಯಾಗಿತ್ತು, ಸಾರ ಕಡಿಮೆಯಿತ್ತು, ಗೊಬ್ಬರ ಹಾಕುವುದೂ ಕಡಿಮೆಯಿತ್ತು. ಇದ್ದಿಲು ಅಂಥ ಮಣ್ಣಿಗೆ ಸುಣ್ಣದಂತೆ ಕೆಲಸ ಮಾಡಿ ಹುಳಿಯನ್ನು ತಗ್ಗಿಸಿತು, ತನ್ನಲ್ಲಿದ್ದ ಲವಣಗಳನ್ನು ಕೊಟ್ಟಿತು. ಅಕ್ಷಾಂಶವು ಇಲ್ಲಿ ಕಾರಣವಲ್ಲ, ಕಾರಣದ ಜೊತೆಗೆ ಬಂದ ಗುರುತು ಮಾತ್ರ.

ಕೊಲಂಬಿಯಾ ದೇಶದ ಒಂದು ಪ್ರಯೋಗ ಇದನ್ನು ಸ್ಪಷ್ಟಪಡಿಸುತ್ತದೆ. ಹುಳಿಯಾದ, ಸವೆದ ಕೆಂಪು ಮಣ್ಣಿಗೆ ಹೆಕ್ಟೇರಿಗೆ 20 ಟನ್‌ನಂತೆ ಒಂದೇ ಬಾರಿ ಇದ್ದಿಲನ್ನು ಸೇರಿಸಿ ಮೆಕ್ಕೆಜೋಳ ಬೆಳೆಯಲಾಯಿತು. ಮೊದಲ ವರ್ಷ ಗಮನಾರ್ಹ ಹೆಚ್ಚಳವೇನೂ ಕಾಣಲಿಲ್ಲ. ಮುಂದಿನ ಮೂರು ವರ್ಷ, ಎಂದರೆ 2004, 2005 ಮತ್ತು 2006ರಲ್ಲಿ, ಇಳುವರಿಯು ಕ್ರಮವಾಗಿ ಶೇಕಡಾ 28, 30 ಮತ್ತು 140ರಷ್ಟು ಹೆಚ್ಚಿತು. ಗಿಡಗಳಿಗೆ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಹೆಚ್ಚಾಗಿ ದೊರೆತದ್ದೇ ಮುಖ್ಯ ಕಾರಣವೆಂದು ಸಂಶೋಧಕರು ಗುರುತಿಸಿದರು. ಇನ್ನೊಂದೆಡೆ, ಉತ್ತರ ಲಾವೋಸಿನ ಮೆಟ್ಟು ಭತ್ತದ ಹೊಲಗಳಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವು ಬೇರೆಯೇ ಎಚ್ಚರಿಕೆ ನೀಡಿತು: ಸಾರಜನಕ ಕಡಿಮೆಯಿರುವ ಮಣ್ಣಿಗೆ ಸಾರಜನಕ ಗೊಬ್ಬರವಿಲ್ಲದೆ ಇದ್ದಿಲು ಮಾತ್ರ ಹಾಕಿದರೆ ಇಳುವರಿ ಇಳಿಯಲೂಬಹುದು. ನೇಪಾಳದಲ್ಲಿ ಗೋಮೂತ್ರವನ್ನು ಹೀರಿಸಿದ ಇದ್ದಿಲನ್ನು ಹೆಕ್ಟೇರಿಗೆ ಕೇವಲ 750 ಕಿಲೋ ಲೆಕ್ಕದಲ್ಲಿ ಬೇರಿನ ಬುಡಕ್ಕೆ ಕೊಟ್ಟಾಗ ಕುಂಬಳದ ಇಳುವರಿ ನಾಲ್ಕು ಪಟ್ಟಾದುದು 2015ರಲ್ಲಿ ವರದಿಯಾಯಿತು. ಪ್ರಚಾರದಲ್ಲಿ ಈ ನಾಲ್ಕು ಪಟ್ಟಿನ ಮಾತು ಬಹಳ ಓಡಾಡುತ್ತದೆ. ಅದು ಕುಂಬಳ, ಜೋಳವಲ್ಲ ಎಂಬುದನ್ನು ಹೇಳುವವರು ಕಡಿಮೆ.

ಎರಡು ಕಪ್ಪು ನೆಲಗಳು

ತೆರಾ ಪ್ರೇಟಾ ಎಂದರೆ ಕಪ್ಪು ನೆಲ. ಎರೆಯೂ ಕಪ್ಪು ನೆಲವೇ. ಎರಡರ ಕಪ್ಪೂ ಒಂದೇ ಎಂದು ವಿದ್ಯಾರ್ಥಿಗಳು ಊಹಿಸುವುದು ಸಹಜ; ಶಿಕ್ಷಕರಲ್ಲಿಯೂ ಈ ಊಹೆ ಇರುವುದುಂಟು. ಅಮೆಜಾನಿನ ನೆಲ ಇದ್ದಿಲಿನಿಂದ ಕಪ್ಪಾಗಿದೆ. ದಖ್ಖನ್ನಿನ ಎರೆಯಲ್ಲಿ ಸಾವಯವ ಇಂಗಾಲವು ಬಹಳ ಕಡೆ ಶೇಕಡಾ ಒಂದಕ್ಕಿಂತ ಕಡಿಮೆ. ಅದರ ಬಣ್ಣವು ಕಪ್ಪುಶಿಲೆಯಿಂದ ಬಂದ ಖನಿಜಗಳಿಂದಲೂ ಜೇಡಿಯನ್ನು ಬಿಗಿಯಾಗಿ ಅಂಟಿಕೊಂಡ ಅಲ್ಪ ಸಾವಯವ ಅಂಶದಿಂದಲೂ ಬಂದದ್ದು. ಕಪ್ಪು ಎಂದರೆ ಸಾರ ಎಂಬ ಸಮೀಕರಣವನ್ನು ಇಲ್ಲಿ ಬಿಡಿಸಿ ಹೇಳದಿದ್ದರೆ ಮುಂದಿನದು ಅರ್ಥವಾಗದು.

ಎರೆಯ ಗುಣಗಳನ್ನು ಕೊಲಂಬಿಯಾದ ಮಣ್ಣಿನ ಗುಣಗಳ ಪಕ್ಕದಲ್ಲಿಟ್ಟು ನೋಡಬೇಕು. ಎರೆಯ ರಸಸಾರ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ ಇರುತ್ತದೆ. ತಗ್ಗಿಸಬೇಕಾದ ಹುಳಿ ಅಲ್ಲಿ ಇಲ್ಲ. ಮಣ್ಣಿನಲ್ಲಿಯೇ ಸುಣ್ಣದ ಹರಳುಗಳಿವೆ; ಕ್ಯಾಲ್ಸಿಯಂಗೆ ಕೊರತೆಯಿಲ್ಲ. ಅದರ ಜೇಡಿಯು ಪೋಷಕಗಳನ್ನು ಹಿಡಿದಿಡುವುದರಲ್ಲಿ ಮೊದಲೇ ಸಮರ್ಥ. ಇದ್ದಿಲು ಯಾವ ಯಾವ ಕೊರತೆಗಳನ್ನು ತುಂಬಿ ಕೊಲಂಬಿಯಾದಲ್ಲಿ ಮೆಕ್ಕೆಜೋಳವನ್ನು ಹೆಚ್ಚಿಸಿತೋ ಆ ಕೊರತೆಗಳು ಎರೆಯಲ್ಲಿ ಇಲ್ಲ. ಬದಲಿಗೆ, ರಸಸಾರ ಹೆಚ್ಚಿರುವ ಕಾರಣ ಕಬ್ಬಿಣ, ಸತುವುಗಳು ಬೇರಿಗೆ ಸಿಗದೆ ದ್ರಾಕ್ಷಿಯ ಎಳೆ ಎಲೆ ಹಳದಿಯಾಗುವುದನ್ನು ಮಿರಜ, ತಾಸಗಾಂವ ಭಾಗದ ಬೆಳೆಗಾರರು ಬಲ್ಲರು. ಇದ್ದಿಲು ತಾನೇ ಕ್ಷಾರಗುಣದ್ದಾಗಿರುವುದರಿಂದ ಅಂಥ ಹೊಲಕ್ಕೆ ಹೆಚ್ಚು ಪ್ರಮಾಣದಲ್ಲಿ ಹಾಕುವುದು ತೊಂದರೆಯನ್ನು ಹೆಚ್ಚಿಸೀತು.

ಕೃಷ್ಣೆಯ ದಂಡೆಯಲ್ಲಿ ಅತಿ ನೀರಾವರಿಯಿಂದ ಸವಳಾದ, ಜವಳಾದ ಭೂಮಿಯ ಮಾತು ಬಂದಾಗಲೂ ಇದೇ ಎಚ್ಚರ ಬೇಕು. ಆ ನೆಲಕ್ಕೆ ಮೊದಲು ಬೇಕಾದುದು ಬಸಿಗಾಲುವೆ, ಅಗತ್ಯವಿದ್ದಲ್ಲಿ ಜಿಪ್ಸಂ. ಇದ್ದಿಲು ಈ ಕೆಲಸ ಮಾಡದು.

ಮರಡಿ ನೆಲದ ಸಂಗತಿ ಸ್ವಲ್ಪ ಬೇರೆ. ಜತ್ತದ ಎತ್ತರದ ಹೊಲಗಳಲ್ಲಿ ಮಣ್ಣಿನ ಪದರ ತೆಳು, ಹರಳು ಹೆಚ್ಚು, ನೀರು ಬೇಗ ಜಾರಿಹೋಗುತ್ತದೆ. ಉರುಬು ಮಣ್ಣಿನಲ್ಲಿ ಇದ್ದಿಲಿನ ರಂಧ್ರಗಳು ನೀರನ್ನು ಹಿಡಿದಿಡಲು ನೆರವಾಗುವುದು ಅನೇಕ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದ್ದರಿಂದ ಎರೆಗಿಂತ ಮರಡಿಯಲ್ಲಿ, ಅದೂ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿದಾಗ, ಫಲದ ನಿರೀಕ್ಷೆ ಹೆಚ್ಚು. ಜಿಲ್ಲೆಯ ಇನ್ನೊಂದು ತುದಿಯ ಶಿರಾಳಾದ ಹುಳಿ ಕೆಂಪು ಮಣ್ಣಿನಲ್ಲಿ ಅದಕ್ಕಿಂತಲೂ ಹೆಚ್ಚು. ಒಂದೇ ಜಿಲ್ಲೆಯಲ್ಲಿ ಒಂದೇ ಪ್ರಶ್ನೆಗೆ ಮೂರು ಉತ್ತರಗಳು.

ಹಿಂಗಾರು ಜೋಳಕ್ಕೆ, ವಿಶೇಷವಾಗಿ ಈ ಭಾಗದ ಮಾಲದಂಡಿಗೆ, ಉತ್ತರಿ–ಹಸ್ತ ಮಳೆಗಳ ಹಸಿಯೇ ಆಧಾರ. ಬಿತ್ತಿದ ಮೇಲೆ ಮಳೆ ಬರುವುದು ವಿರಳ. ಅಲ್ಲಿ ಇಳುವರಿಯನ್ನು ನಿರ್ಧರಿಸುವುದು ಆ ಹಸಿ ಎಷ್ಟು ದಿನ ಉಳಿಯಿತು ಎಂಬುದು. ಒಡ್ಡು ಹಾಕುವುದು, ಸಕಾಲಕ್ಕೆ ಎಡೆ ಹೊಡೆದು ಬಿರುಕು ಮುಚ್ಚುವುದು, ಗೊಬ್ಬರ ಹಾಕುವುದು ಇವು ಈ ಸೀಮೆಯ ರೈತರು ಬಲ್ಲ ಉಪಾಯಗಳು. ಇದ್ದಿಲನ್ನು ಕುರಿತ ಪಾಠದಲ್ಲಿ ಇವುಗಳಿಗೂ ಸ್ಥಾನ ಇರಲಿ.

ಲೆಕ್ಕ

ಎಷ್ಟು ಇದ್ದಿಲು ಬೇಕು ಎಂಬ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬಿಡಿಸಿದರೆ ಬಹಳಷ್ಟು ಭ್ರಮೆ ತಾನಾಗಿಯೇ ಕಳಚುತ್ತದೆ. ಪ್ರಯೋಗಗಳಲ್ಲಿ ಸಾಧಾರಣವೆನಿಸಿದ ಪ್ರಮಾಣ ಹೆಕ್ಟೇರಿಗೆ 10 ಟನ್ ಎಂದಿರಲಿ. ಹೆಕ್ಟೇರ್ ಎಂದರೆ 10,000 ಚದರ ಮೀಟರ್; ಎಂದರೆ ಚದರ ಮೀಟರಿಗೆ 1 ಕಿಲೋ, ಗುಂಟೆಗೆ ಸುಮಾರು 100 ಕಿಲೋ, ಎಕರೆಗೆ ಸುಮಾರು 4 ಟನ್. ಸಾದಾ ಕುಲುಮೆಯಲ್ಲಿ ಒಣ ಕಟ್ಟಿಗೆಯ ತೂಕದ ಕಾಲುಭಾಗ ಇದ್ದಿಲಾಗಿ ಉಳಿಯುತ್ತದೆ ಎಂದು ಹಿಡಿದರೆ, ಎಕರೆಗೆ ಬೇಕಾದ ಕಟ್ಟಿಗೆ 16 ಟನ್. ಒಂದು ಎಕರೆ ತೊಗರಿಯಿಂದ ವರ್ಷಕ್ಕೆ 1 ಟನ್ ಕಟ್ಟಿಗೆ ದೊರೆಯುವುದೆಂದು ಊಹಿಸಿದರೆ, ಒಂದೆಕರೆಯ ಇದ್ದಿಲಿಗೆ ಹದಿನಾರು ಎಕರೆಯ ಕಟ್ಟಿಗೆ ಬೇಕು, ಇಲ್ಲವೇ ಹದಿನಾರು ವರ್ಷ ಕಾಯಬೇಕು. ಇನ್ನು ಪ್ರತಿಫಲ: ಎಕರೆಗೆ 4 ಕ್ವಿಂಟಲ್ ಜೋಳ ಬರುವ ಹೊಲದಲ್ಲಿ ಶೇಕಡಾ 10 ಹೆಚ್ಚಿದರೆ ಸಿಗುವುದು 40 ಕಿಲೋ. ಇಂದಿನ ಜೋಳದ ಧಾರಣೆ, ಕಟ್ಟಿಗೆಯ ಬೆಲೆ, ಆಳಿನ ಕೂಲಿ ಇವನ್ನು ಮಕ್ಕಳು ಮನೆಯಿಂದ ಕೇಳಿಕೊಂಡು ಬಂದು ಮುಂದಿನ ಲೆಕ್ಕವನ್ನು ತಾವೇ ಪೂರ್ತಿಗೊಳಿಸಲಿ.

ಯಾವುದನ್ನು ಸುಡಬಹುದು ಎಂಬುದೂ ಚರ್ಚೆಗೆ ಬರಬೇಕು. ಜೋಳದ ಕಣಿಕೆಯನ್ನು ಸುಡುವ ಮಾತನ್ನು ಜತ್ತದಲ್ಲಿ ಯಾರೂ ಆಡಲಾರರು. ಖಿಲಾರಿ ದನಗಳ ಸೀಮೆಯಲ್ಲಿ, ಬರದ ವರ್ಷ, ಕಣಿಕೆಯು ಕಾಳಿನಷ್ಟೇ ಬೆಲೆಯುಳ್ಳದ್ದು. ತೊಗರಿ ಮತ್ತು ಹತ್ತಿಯ ಕಟ್ಟಿಗೆ ಒಲೆಗೆ ಹೋಗುತ್ತದೆ. ಉಳಿಯುವುದು ದ್ರಾಕ್ಷಿಯ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ಕತ್ತರಿಸಿ ಒಗೆಯುವ ಕಡ್ಡಿ, ಒಡ್ಡಿನ ಮೇಲಿನ ಬಳ್ಳಾರಿ ಜಾಲಿ, ನದಿದಂಡೆಯಲ್ಲಿ ಹೊಲದಲ್ಲೇ ಬೆಂಕಿ ಹಚ್ಚುವ ಕಬ್ಬಿನ ರವದಿ. ಹೈದರಾಬಾದಿನ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆಯು ಹತ್ತಿ, ತೊಗರಿ, ಮೆಕ್ಕೆಜೋಳ ಮುಂತಾದವುಗಳ ಕಟ್ಟಿಗೆಯಿಂದ ಇದ್ದಿಲು ಮಾಡುವ ಸಣ್ಣ ಡ್ರಮ್ ಕುಲುಮೆಯನ್ನು ರೂಪಿಸಿದೆ. ರವದಿಯ ಮಟ್ಟಿಗೆ ಹೇಳುವುದಾದರೆ, ಅದನ್ನು ಸುಡುವುದಕ್ಕಿಂತಲೂ ಇದ್ದಿಲು ಮಾಡುವುದಕ್ಕಿಂತಲೂ ಸಾಲುಗಳ ನಡುವೆ ಹಾಸಿ ಕೊಳೆಯಲು ಬಿಡುವುದೇ ಹಗುರವಾದ ದಾರಿ.

ತರಗತಿಯಲ್ಲಿ

ಜಮೀನು ಇರುವ ಮನೆಗಳಲ್ಲಿ ಮಣ್ಣಿನ ಆರೋಗ್ಯ ಪತ್ರ ಇರಬಹುದು. 2015ರ ಫೆಬ್ರುವರಿಯಲ್ಲಿ ಆರಂಭವಾದ ಕೇಂದ್ರ ಯೋಜನೆಯಡಿ ಕೊಡುವ ಈ ಪತ್ರದಲ್ಲಿ ಹನ್ನೆರಡು ಅಂಶಗಳಿರುತ್ತವೆ. ಮಹಾರಾಷ್ಟ್ರದಲ್ಲಿ ಅದು ಮರಾಠಿಯಲ್ಲಿದ್ದು, ಕನ್ನಡ ಪಠ್ಯದ ಪದಗಳಿಗೂ ಅದರ ಪದಗಳಿಗೂ ಮಗು ತಾನಾಗಿ ನಂಟು ಕಾಣಲಾರದು. ಪತ್ರದ ‘ಸಾಮೂ’ ಎಂದರೆ ರಸಸಾರ, ‘ಸೇಂದ್ರಿಯ ಕರ್ಬ’ ಎಂದರೆ ಸಾವಯವ ಇಂಗಾಲ. ‘ನತ್ರ’, ‘ಸ್ಫುರದ’, ‘ಪಾಲಾಶ’ಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್. ಈ ಐದು ಪದಗಳ ಜೋಡಿಯನ್ನು ಹಲಗೆಯ ಮೇಲೆ ಬರೆದು, ಮಕ್ಕಳು ತಂದ ಪತ್ರಗಳಿಂದ ‘ಸಾಮೂ’ವಿನ ಅಂಕಿಗಳನ್ನು ಪಟ್ಟಿ ಮಾಡಿದರೆ ಊರಿನ ಮಣ್ಣು ಯಾವ ಬಗೆಯದೆಂದು ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ.

ಸಾಂಗಲಿಯ ಅರಿಶಿನವೇ ಇನ್ನೊಂದು ಸಾಧನ. ಅರಿಶಿನ ಬಳಿದು ಒಣಗಿಸಿದ ಕಾಗದದ ಮೇಲೆ ಒಲೆಯ ಬೂದಿಯ ತಿಳಿನೀರು, ಇದ್ದಿಲಿನ ಪುಡಿ ನೆನೆಸಿದ ನೀರು, ಹೊಲದ ಮಣ್ಣಿನ ತಿಳಿನೀರು ಇವನ್ನು ಒಂದೊಂದು ಹನಿ ಹಾಕಬೇಕು. ಬೂದಿಯ ನೀರಿಗೆ ಕಾಗದ ಕೆಂಪಾಗುತ್ತದೆ. ಇದ್ದಿಲಿನ ನೀರಿಗೆ ಅದರಲ್ಲಿರುವ ಬೂದಿಯ ಅಂಶಕ್ಕೆ ತಕ್ಕಂತೆ ಬಣ್ಣ ಬರಬಹುದು, ಬಾರದೆಯೂ ಇರಬಹುದು. ಅರಿಶಿನವು ಬಣ್ಣ ಬದಲಿಸುವುದು ರಸಸಾರ ಎಂಟೂವರೆಯನ್ನು ದಾಟಿದ ಮೇಲೆ. ಆದ್ದರಿಂದ ಮಣ್ಣಿನ ನೀರಿಗೆ ಕಾಗದ ಹಳದಿಯಾಗಿಯೇ ಉಳಿದರೆ ಮಣ್ಣು ಹುಳಿಯೆಂದು ಬರೆದುಕೊಳ್ಳಬಾರದು. ಹೊಲದಿಂದ ಆಯ್ದ ಸುಣ್ಣದ ಹರಳಿನ ಮೇಲೆ ಲಿಂಬೆರಸ ಹಿಂಡಿದರೆ ಏಳುವ ನೊರೆ ಮಕ್ಕಳಿಗೆ ಹೆಚ್ಚು ಖುಷಿ ಕೊಡುತ್ತದೆ, ಸಂಗತಿಯನ್ನೂ ಹೇಳುತ್ತದೆ.

ಕುಂಡದ ಪ್ರಯೋಗಕ್ಕೆ ಹಂಗಾಮು ಮುಂಗಾರಿನದೇ ಆಗಲಿ. ಹಿಂಗಾರಿನಲ್ಲಿ ಬಿತ್ತಿದರೆ ದೀಪಾವಳಿ ರಜೆಯಲ್ಲಿ ನೀರು ಹಾಕುವವರಿಲ್ಲದೆ ಗಿಡಗಳು ಒಣಗುತ್ತವೆ. ಒಂದೇ ಹೊಲದ ಮಣ್ಣನ್ನು ಜರಡಿ ಹಿಡಿದು ಹನ್ನೆರಡು ಕುಂಡಗಳಿಗೆ 5 ಕಿಲೋದಂತೆ ತುಂಬಬೇಕು. ಮೂರು ಕುಂಡಗಳಿಗೆ ಮಣ್ಣು ಮಾತ್ರ; ಮೂರಕ್ಕೆ 25 ಗ್ರಾಂ ಇದ್ದಿಲಿನ ಪುಡಿ; ಮೂರಕ್ಕೆ 25 ಗ್ರಾಂ ಒಣ ಕೊಟ್ಟಿಗೆ ಗೊಬ್ಬರ; ಉಳಿದ ಮೂರಕ್ಕೆ ಎರಡೂ. ಗೊಬ್ಬರವನ್ನೂ, ಗೊಬ್ಬರ–ಇದ್ದಿಲಿನ ಮಿಶ್ರಣವನ್ನೂ ಹದಿನೈದು ದಿನ ಮುಂಚೆ ತೇವಗೊಳಿಸಿ ಮುಚ್ಚಿಡಬೇಕು. ಈ 25 ಗ್ರಾಂ ಎಲ್ಲಿಂದ ಬಂತು ಎಂಬುದನ್ನು ವಿವರಿಸದೆ ಮುಂದೆ ಹೋಗಬಾರದು: 15 ಸೆಂಟಿಮೀಟರ್ ಆಳದವರೆಗಿನ ಒಂದು ಚದರ ಮೀಟರ್ ಮಣ್ಣು ಸುಮಾರು 200 ಕಿಲೋ ತೂಗುತ್ತದೆ, ಅದಕ್ಕೆ 1 ಕಿಲೋ ಇದ್ದಿಲೆಂದರೆ 200ಕ್ಕೆ ಒಂದು ಭಾಗ, 5 ಕಿಲೋಗೆ 25 ಗ್ರಾಂ. ವಿಜ್ಞಾನ ಪ್ರದರ್ಶನಗಳ ಕುಂಡಗಳಲ್ಲಿ ಒಂದು ಮುಷ್ಟಿ, 100 ಗ್ರಾಂ, ಇದ್ದಿಲು ಹಾಕಿರುವುದನ್ನು ಕಾಣುತ್ತೇವೆ. ಹೊಲದ ಲೆಕ್ಕಕ್ಕೆ ಅದು ಎಕರೆಗೆ 16 ಟನ್. ಯಾವ ರೈತನೂ ಹಾಕಲಾರದ ಪ್ರಮಾಣ.

ಇದ್ದಿಲನ್ನು ಶಾಲೆಯಲ್ಲಿ ಸುಟ್ಟು ತಯಾರಿಸಬಾರದು, ಹೊಗೆಯಲ್ಲಿ ವಿಷಾನಿಲವಿರುತ್ತದೆ. ಒಲೆಯಲ್ಲಿ ನೀರು ಚಿಮುಕಿಸಿ ಆರಿಸಿದ ಕಟ್ಟಿಗೆಯ ಇದ್ದಿಲನ್ನು ತರಿಸಿ, ಒದ್ದೆಯಾಗಿರುವಾಗಲೇ ಪುಡಿ ಮಾಡಿಸಿ, ಒಣಗಿಸಿ ತೂಗಬೇಕು. ಪ್ರತಿ ಕುಂಡದಲ್ಲಿ ಮೂರು ಜೋಳದ ಗಿಡ ಉಳಿಸಿ, ಸಮಾನ ನೀರು ಕೊಟ್ಟು, ವಾರಕ್ಕೊಮ್ಮೆ ಎತ್ತರವನ್ನೂ ಎಲೆಗಳ ಸಂಖ್ಯೆಯನ್ನೂ ದಾಖಲಿಸಬೇಕು. ಎಲೆ ತಿಳಿಹಸಿರಿಗೆ ತಿರುಗಿದರೆ ಯಾವ ಕುಂಡದಲ್ಲಿ ಎಂಬುದನ್ನು ವಿಶೇಷವಾಗಿ ಗುರುತಿಸಬೇಕು. ಲಾವೋಸಿನ ಎಚ್ಚರಿಕೆ ನೆನಪಿಗೆ ಬರುವುದು ಅಲ್ಲಿ. ನಲವತ್ತೈದನೆಯ ದಿನ ಗಿಡಗಳನ್ನು ಕಿತ್ತು, ನೆರಳಲ್ಲಿ ಚೆನ್ನಾಗಿ ಒಣಗಿಸಿ ತೂಗಬೇಕು. ಕಿತ್ತ ಎಳೆ ಜೋಳವನ್ನು ಆಡು, ಆಕಳುಗಳ ಬಾಯಿಗೆ ಸಿಗದಂತೆ ಇಡತಕ್ಕದ್ದು. ಅದು ವಿಷವೆಂಬುದನ್ನು ಊರಿನ ಹಿರಿಯರು ಶಿಕ್ಷಕರಿಗಿಂತ ಚೆನ್ನಾಗಿ ಬಲ್ಲರು.

ಇದ್ದಿಲಿನ ಕುಂಡಗಳು ಮಿಕ್ಕವುಗಳಿಗಿಂತ ಹೆಚ್ಚು ತೂಗದಿದ್ದರೆ ಪ್ರಯೋಗ ಕೆಟ್ಟಿತೆಂದು ಮಕ್ಕಳು ಬೇಸರಪಡುವುದುಂಟು, ಅಂಕಿಗಳನ್ನು ತಿದ್ದುವುದೂ ಉಂಟು. ಬಂದ ತೂಕವನ್ನು ಬಂದಂತೆಯೇ ಬರೆಯಿಸಬೇಕು. ಕುಂಡಗಳ ಮಣ್ಣನ್ನು ಚೆಲ್ಲದೆ, ಗುರುತಿನ ಚೀಟಿಗಳೊಡನೆ ಹಾಗೆಯೇ ಇಟ್ಟು, ಮುಂದಿನ ಜೂನಿನಲ್ಲಿ ಹೊಸ ತರಗತಿಯ ಮಕ್ಕಳಿಂದ ಅದೇ ಮಣ್ಣಿನಲ್ಲಿ, ಹೊಸದಾಗಿ ಏನನ್ನೂ ಸೇರಿಸದೆ, ಎರಡನೆಯ ಬಾರಿ ಜೋಳ ಬಿತ್ತಿಸಬೇಕು. ಕೊಲಂಬಿಯಾದ ಹೊಲ ಫಲ ತೋರಿಸಿದ್ದು ಎರಡನೆಯ ವರ್ಷದಿಂದ.